10 ನಿಮಿಷದ ಭರವಸೆ ಹೋಯಿತು, ಕೂಲಿಯ ಲೆಕ್ಕ ಹಾಗೇ ಉಳಿಯಿತು

ಜನವರಿ 2026ರಲ್ಲಿ, ದಿನಸಿಯನ್ನು ಮನೆಗೆ ತಲುಪಿಸುವ ಬ್ಲಿಂಕಿಟ್ ಕಂಪನಿ ತನ್ನ ಜಾಹೀರಾತಿನಿಂದ ‘10 ನಿಮಿಷ’ ಎಂಬ ಮಾತನ್ನು ಕೈಬಿಟ್ಟಿತು. ಕೇಂದ್ರ ಕಾರ್ಮಿಕ ಸಚಿವ ಮನ್ಸುಖ್ ಮಾಂಡವಿಯಾ ಅವರು ಡೆಲಿವರಿ ಕಂಪನಿಗಳ ಜತೆ ಮಾತುಕತೆ ನಡೆಸಿ, ಸಮಯದ ಗಡುವನ್ನು ಪ್ರಚಾರಕ್ಕೆ ಬಳಸಬೇಡಿ ಎಂದು ಹೇಳಿದ ಮೇಲೆ ಆದ ಬದಲಾವಣೆ ಇದು. ಅದಕ್ಕೆ ಕೆಲವೇ ದಿನಗಳ ಹಿಂದೆ, ಡಿಸೆಂಬರ್ 25 ಮತ್ತು 31ರಂದು, ಡೆಲಿವರಿ ಕೆಲಸಗಾರರ ಸಂಘಟನೆಗಳು ದೇಶದ ಹಲವು ನಗರಗಳಲ್ಲಿ ಮುಷ್ಕರಕ್ಕೆ ಕರೆ ಕೊಟ್ಟಿದ್ದವು. ನವೆಂಬರ್ 21ರಂದು ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿದ್ದವು. ಗಿಗ್ ಕೆಲಸಗಾರರಿಗಾಗಿ, ಅಂದರೆ ಆ್ಯಪ್‌ಗಳ ಮೂಲಕ ತುಂಡು ಲೆಕ್ಕದಲ್ಲಿ ದುಡಿಯುವವರಿಗಾಗಿ, ಕರ್ನಾಟಕದ್ದೇ ಆದ ಕಾಯ್ದೆಯೂ ಸೆಪ್ಟೆಂಬರ್ 2025ರಿಂದ ಇದೆ.

ಇಷ್ಟೆಲ್ಲ ಒಟ್ಟಿಗೆ ಬಂದಾಗ ಓದುಗರಿಗೆ ಗೊಂದಲವಾಗುವುದು ಸಹಜ. 10 ನಿಮಿಷದ ಭರವಸೆಯೇ ಹೋದ ಮೇಲೆ ಸಮಸ್ಯೆ ತೀರಿತೇ? ಸಾಮಾಜಿಕ ಭದ್ರತೆ ಸಿಕ್ಕಿತು ಎಂದರೆ ಅವರು ಕಂಪನಿಯ ನೌಕರರಾದರೇ? ಜೊಮ್ಯಾಟೊ ಕಂಪನಿ ಕೆಲಸಗಾರನಿಗೆ ತಿಂಗಳಿಗೆ 21,000 ರೂಪಾಯಿ ಕೈಗೆ ಬರುತ್ತದೆ ಎನ್ನುತ್ತದೆ, ಕೇಂದ್ರದ ಆರ್ಥಿಕ ಸಮೀಕ್ಷೆ ಸುಮಾರು 40% ಗಿಗ್ ಕೆಲಸಗಾರರಿಗೆ 15,000ಕ್ಕಿಂತ ಕಡಿಮೆ ಎನ್ನುತ್ತದೆ; ಯಾವುದನ್ನು ನಂಬಬೇಕು?

ಈ ಸುದ್ದಿಗಳ ಅಡಿಯಲ್ಲಿ ಎರಡು ಬೇರೆ ಪ್ರಶ್ನೆಗಳು ಬೆರೆತುಹೋಗಿವೆ. ಕೆಲಸಗಾರ ರಸ್ತೆಯಲ್ಲಿ ಬಿದ್ದ ಮೇಲೆ ಅವನನ್ನು ಯಾರು ನೋಡಿಕೊಳ್ಳುತ್ತಾರೆ ಎಂಬುದು ಒಂದು. ಬೀಳುವ ಮೊದಲು, ಪ್ರತಿ ಗಂಟೆಯೂ, ಅವನ ಕೆಲಸ ಮತ್ತು ಕೂಲಿಯನ್ನು ಯಾರು ತೀರ್ಮಾನಿಸುತ್ತಾರೆ ಎಂಬುದು ಇನ್ನೊಂದು. ಸರ್ಕಾರಗಳು ಮೊದಲನೆಯದಕ್ಕೆ ಉತ್ತರ ಕೊಡಲು ಆರಂಭಿಸಿವೆ. ಎರಡನೆಯದು ಇನ್ನೂ ಕಂಪನಿಗಳ ಸರ್ವರ್‌ಗಳೊಳಗೇ ಇದೆ. ಕೆಲಸಗಾರರ ಬದುಕನ್ನು ದಿನನಿತ್ಯ ಹಿಂಡುತ್ತಿರುವುದು ಈ ಎರಡನೆಯದೇ.

ಆ್ಯಪ್ ಮಾಡುವ ಮೇಸ್ತ್ರಿ ಕೆಲಸ

ಆರ್ಡರ್ ಬಂದಾಗ ಫೋನಿನ ಪರದೆಯ ಮೇಲೆ ಸಾಮಾನ್ಯವಾಗಿ ಕಾಣುವುದು ಇಷ್ಟು: ಹೋಟೆಲಿನ ಅಥವಾ ಅಂಗಡಿಯ ಹೆಸರು, ಎಷ್ಟು ಕಿಲೋಮೀಟರ್, ಎಷ್ಟು ರೂಪಾಯಿ, ಒಪ್ಪಿಗೆ ಸೂಚಿಸಲು ಬೆರಳಿನಿಂದ ಸರಿಸಬೇಕಾದ ಒಂದು ಪಟ್ಟಿ, ಅದರ ಜತೆಗೆ ಓಡುತ್ತಿರುವ ಸೆಕೆಂಡುಗಳು. ಕಾಣದ ಸಂಗತಿಗಳೇ ಹೆಚ್ಚು. ಅದೇ ಹೋಟೆಲಿನ ಮುಂದೆ ಐದು ಮಂದಿ ನಿಂತಿರುವಾಗ ಈ ಆರ್ಡರ್ ಇವನಿಗೇ ಏಕೆ ಬಂತು? ನಿನ್ನೆ ಇದೇ ದೂರಕ್ಕೆ 38 ರೂಪಾಯಿ ಇದ್ದದ್ದು ಇವತ್ತು 31 ಏಕಾಯಿತು? ಇದನ್ನು ಬೇಡ ಎಂದರೆ ಮುಂದಿನ ಆರ್ಡರ್ ತಡವಾಗುತ್ತದೆಯೇ? ಪಕ್ಕದಲ್ಲಿ ನಿಂತವನ ಫೋನಿನಲ್ಲೂ ಇದೇ ದರ ಇದೆಯೇ?

ಹಿಂದೆ ಯಾವುದೇ ಕೂಲಿ ಕೆಲಸದಲ್ಲಿ ಇವೆಲ್ಲ ಮೇಸ್ತ್ರಿಯ ಅಧಿಕಾರವಾಗಿದ್ದವು. ಯಾರಿಗೆ ಯಾವ ಕೆಲಸ, ಎಷ್ಟು ಕೂಲಿ, ಯಾರಿಗೆ ‘ನಾಳೆಯಿಂದ ಬರಬೇಡ’ ಎನ್ನುವುದು, ಎಲ್ಲವನ್ನೂ ಅವನು ತೀರ್ಮಾನಿಸುತ್ತಿದ್ದ. ಡೆಲಿವರಿ ಆ್ಯಪ್‌ಗಳಲ್ಲಿ ಈ ತೀರ್ಮಾನಗಳನ್ನು ಅಲ್ಗಾರಿದಮ್, ಅಂದರೆ ಕಂಪನಿ ಮೊದಲೇ ಬರೆದಿಟ್ಟ ಲೆಕ್ಕಾಚಾರದ ಸೂತ್ರಗಳು, ತಾವಾಗಿಯೇ ಮಾಡುತ್ತವೆ. ಸೂತ್ರಕ್ಕೆ ಬೇಕಾದ ಮಾಹಿತಿ ಕೆಲಸಗಾರನ ಫೋನಿನಿಂದಲೇ ಹೋಗುತ್ತಿರುತ್ತದೆ: ಅವನು ಎಲ್ಲಿದ್ದಾನೆ, ಎಷ್ಟು ಹೊತ್ತು ಲಾಗಿನ್ ಆಗಿದ್ದಾನೆ, ಎಷ್ಟು ಆರ್ಡರ್ ನಿರಾಕರಿಸಿದ, ಗ್ರಾಹಕರು ಎಷ್ಟು ನಕ್ಷತ್ರ ಕೊಟ್ಟರು.

ಆದಾಯವೂ ಒಂದೇ ಸಾಲಿನ ಲೆಕ್ಕವಾಗಿ ಬರುವುದಿಲ್ಲ. ಆರ್ಡರ್‌ಗೆ ಒಂದು ಮೂಲ ದರ, ದೂರಕ್ಕೆ ಒಂದಿಷ್ಟು, ಮಳೆ ಅಥವಾ ಊಟದ ಹೊತ್ತಿನಲ್ಲಿ ಬೇಡಿಕೆ ಏರಿದಾಗ ಕೊಡುವ ಹೆಚ್ಚುವರಿ ದರವಾದ ಸರ್ಜ್, ಅದರ ಮೇಲೆ ಇನ್ಸೆಂಟಿವ್. ಈ ಇನ್ಸೆಂಟಿವ್ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ತಿಳಿವಳಿಕೆಗಾಗಿ ಒಂದು ಲೆಕ್ಕ ಹಾಕೋಣ. ದಿನಕ್ಕೆ 20 ಆರ್ಡರ್ ಮುಗಿಸಿದರೆ 250 ರೂಪಾಯಿ ಹೆಚ್ಚುವರಿ, 19ಕ್ಕೆ ನಿಂತರೆ ಏನೂ ಇಲ್ಲ ಎಂದಿಟ್ಟುಕೊಳ್ಳಿ. ರಾತ್ರಿ ಹತ್ತೂವರೆಗೆ 18 ಆರ್ಡರ್ ಮುಗಿಸಿರುವವನಿಗೆ ಕೊನೆಯ ಎರಡು ಆರ್ಡರ್‌ಗಳು ತಲಾ 125 ರೂಪಾಯಿ ಹೆಚ್ಚು ಬೆಲೆಯವು. ಅವನು ಮನೆಗೆ ಹೋಗಲಾರ. ಎಷ್ಟು ದೂರದ ಆರ್ಡರ್ ಬಂದರೂ ಬೇಡ ಎನ್ನಲಾರ. ಕೆಂಪು ದೀಪದ ಮುಂದೆ ಸುಮ್ಮನೆ ನಿಲ್ಲಲಾರ. ಆ ಎರಡು ಆರ್ಡರ್‌ಗಳನ್ನು ಅವನಿಗೆ ಕೊಡಬೇಕೋ ಬೇಡವೋ ಎಂಬುದು ಮಾತ್ರ ಅವನ ಕೈಯಲ್ಲಿಲ್ಲ. ಗುರಿ ಇಟ್ಟವರೂ, ಗುರಿ ಮುಟ್ಟಲು ಬೇಕಾದ ಕೆಲಸ ಹಂಚುವವರೂ ಒಬ್ಬರೇ. ಗುರಿ ಹತ್ತಿರ ಬಂದಾಗ ಆರ್ಡರ್ ನಿಂತುಹೋಗುತ್ತದೆ ಎಂಬುದು ಕೆಲಸಗಾರರ ಬಹು ಕಾಲದ ದೂರು. ಹಾಗೇನೂ ಇಲ್ಲ ಎನ್ನುವುದು ಕಂಪನಿಗಳ ಉತ್ತರ. ಯಾರ ಮಾತು ನಿಜ ಎಂದು ಹೊರಗಿನ ಯಾರೂ ಪರೀಕ್ಷಿಸಲಾರರು. ನನ್ನ ಮಟ್ಟಿಗೆ ಇಡೀ ವಿವಾದದ ಬೇರು ಇಲ್ಲಿದೆ.

ಗಡಿಯಾರ ಎಲ್ಲಿದೆ?

10 ನಿಮಿಷದ ಡೆಲಿವರಿ ಬೈಕಿನ ವೇಗದಿಂದ ಸಾಧ್ಯವಾಗಿದ್ದಲ್ಲ ಎಂಬುದು ಕಂಪನಿಗಳ ಮುಖ್ಯ ವಾದ. ಅದರಲ್ಲಿ ಹುರುಳಿದೆ. ಬಡಾವಣೆಗಳ ನಡುವೆಯೇ ಡಾರ್ಕ್ ಸ್ಟೋರ್‌ಗಳನ್ನು, ಅಂದರೆ ಗ್ರಾಹಕರಿಗೆ ಪ್ರವೇಶವಿಲ್ಲದ ಸಣ್ಣ ಗೋದಾಮುಗಳನ್ನು, ಒತ್ತೊತ್ತಾಗಿ ತೆರೆಯಲಾಗಿದೆ. ಆರ್ಡರ್ ಬಿದ್ದ ಎರಡು ಮೂರು ನಿಮಿಷಗಳಲ್ಲಿ ಸಾಮಾನು ಚೀಲಕ್ಕೆ ಸೇರುತ್ತದೆ. ಬ್ಲಿಂಕಿಟ್ ಮತ್ತು ಜೊಮ್ಯಾಟೊಗಳ ಮಾತೃಸಂಸ್ಥೆ ಎಟರ್ನಲ್‌ನ ಮುಖ್ಯಸ್ಥರಾಗಿದ್ದ ದೀಪಿಂದರ್ ಗೋಯಲ್ ಅವರು ಮುಷ್ಕರದ ನಂತರ ಕೊಟ್ಟ ವಿವರಣೆಯ ಪ್ರಕಾರ, ಬ್ಲಿಂಕಿಟ್ ಆರ್ಡರ್‌ಗಳ ಸರಾಸರಿ ದೂರ ಸುಮಾರು ಎರಡು ಕಿಲೋಮೀಟರ್. ಕೆಲಸಗಾರನ ಆ್ಯಪ್‌ನಲ್ಲಿ ಗ್ರಾಹಕನಿಗೆ ಕೊಟ್ಟ ಸಮಯದ ಗಡಿಯಾರ ಕಾಣಿಸುವುದೇ ಇಲ್ಲ.

ಇದೆಲ್ಲ ಅಕ್ಷರಶಃ ನಿಜವಾಗಿರಬಹುದು. ಆದರೂ ಅವಸರ ಇದ್ದೇ ಇರುತ್ತದೆ, ಏಕೆಂದರೆ ಆರ್ಡರ್ ಲೆಕ್ಕದ ಕೂಲಿಯೇ ಒಂದು ಗಡಿಯಾರ. ಗಂಟೆಗೆ ಮೂರು ಆರ್ಡರ್ ಮುಗಿಸಿದರೆ ಒಂದು ಆದಾಯ, ನಾಲ್ಕು ಮುಗಿಸಿದರೆ ಇನ್ನೊಂದು. ಅಡುಗೆಮನೆ ತಡ ಮಾಡಿದರೆ, ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಕಾವಲುಗಾರ ಹೆಸರು ಬರೆಸಿಕೊಂಡು ಸರ್ವಿಸ್ ಲಿಫ್ಟ್‌ಗೆ ಕಳಿಸಿದರೆ, ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಎದುರು ಬದಿಯ ಮನೆಗೆ ಹೋಗಲು ಬಹು ದೂರ ಹೋಗಿ ಯು ಟರ್ನ್ ತೆಗೆದುಕೊಳ್ಳಬೇಕಾಗಿ ಬಂದರೆ, ಆ ನಿಮಿಷಗಳ ನಷ್ಟ ಬಹುಮಟ್ಟಿಗೆ ಕೆಲಸಗಾರನ ತಲೆಗೇ. ಕಳೆದ ನಿಮಿಷಗಳನ್ನು ಮರಳಿ ಗಳಿಸಲು ಅವನಿಗೆ ಇರುವ ಒಂದೇ ಜಾಗ ರಸ್ತೆ. ಒನ್ ವೇಯಲ್ಲಿ ಎದುರಾಗಿ ಬರುವ ಡೆಲಿವರಿ ಬೈಕನ್ನು ಬೈಯುವವರು ಈ ಲೆಕ್ಕವನ್ನೂ ಗಮನಿಸಬೇಕು.

ಆದ್ದರಿಂದ ಜಾಹೀರಾತಿನಿಂದ ‘10 ನಿಮಿಷ’ ತೆಗೆದದ್ದು ಗ್ರಾಹಕರ ನಿರೀಕ್ಷೆಯನ್ನು ಸ್ವಲ್ಪ ತಗ್ಗಿಸಬಹುದು, ಅಷ್ಟರ ಮಟ್ಟಿಗೆ ಅದು ಒಳ್ಳೆಯ ಹೆಜ್ಜೆಯೇ. ಕೂಲಿ ಕಟ್ಟುವ ರೀತಿ ಬದಲಾಗದೆ ಬೈಕಿನ ವೇಗ ಬದಲಾಗುತ್ತದೆ ಎಂದು ನಿರೀಕ್ಷಿಸಲು ಕಾರಣವಿಲ್ಲ.

21,000 ಮತ್ತು 15,000

ಈಗ ಆದಾಯದ ಗೊಂದಲಕ್ಕೆ ಬರೋಣ. ಗೋಯಲ್ ಅವರು ಪ್ರಕಟಿಸಿದ ಅಂಕಿಗಳ ಪ್ರಕಾರ 2025ರಲ್ಲಿ ಜೊಮ್ಯಾಟೊ ಕೆಲಸಗಾರರ ಸರಾಸರಿ ಗಳಿಕೆ, ಟಿಪ್ಸ್ ಬಿಟ್ಟು, ಗಂಟೆಗೆ 102 ರೂಪಾಯಿ. ದಿನಕ್ಕೆ 10 ಗಂಟೆ, ತಿಂಗಳಿಗೆ 26 ದಿನ ದುಡಿದರೆ ಸುಮಾರು 26,500. ಪೆಟ್ರೋಲ್ ಮತ್ತು ಬೈಕಿನ ನಿರ್ವಹಣೆಯ ಖರ್ಚಿಗೆ 20% ಕಳೆದರೆ 21,000.

ಲೆಕ್ಕ ತಪ್ಪಿಲ್ಲ, 10 ಗಂಟೆ ಎಂಬ ಷರತ್ತನ್ನು ಮಾತ್ರ ಮರೆಯಬಾರದು. ಕಾರ್ಖಾನೆಯ ಕಾರ್ಮಿಕನಂತೆ 8 ಗಂಟೆ ದುಡಿದರೆ ಇದೇ ದರದಲ್ಲಿ ಕೈಗೆ ಬರುವುದು ಸುಮಾರು 17,000. 7 ಗಂಟೆಯಾದರೆ 15,000ಕ್ಕಿಂತ ಸ್ವಲ್ಪ ಕಡಿಮೆ. ಅಂದರೆ ಕಂಪನಿಯ ಸರಾಸರಿ ಮತ್ತು ಆರ್ಥಿಕ ಸಮೀಕ್ಷೆಯ ಮಾತು ಒಂದನ್ನೊಂದು ಸುಳ್ಳು ಮಾಡುವುದಿಲ್ಲ. ಎಷ್ಟು ಗಂಟೆ ಎಂಬುದನ್ನು ಸೇರಿಸಿದರೆ ಎರಡೂ ಒಂದೇ ಚಿತ್ರದೊಳಗೆ ಕೂರುತ್ತವೆ. ಆ 20% ಖರ್ಚಿನಲ್ಲಿ ಕೆಲಸಗಾರನ ಬೈಕಿನ ಸಾಲದ ಕಂತು, ಫೋನಿನ ಕಂತು, ಕಾಯಿಲೆ ಬಿದ್ದ ದಿನಗಳ ನಷ್ಟ ಸೇರಿಲ್ಲ ಎಂಬುದನ್ನೂ ನೆನಪಿಡಬೇಕು.

ಕಂಪನಿ ಕೊಟ್ಟ ಇನ್ನೊಂದು ಅಂಕಿ ಹೆಚ್ಚು ಚರ್ಚೆಯಾಗಲಿಲ್ಲ, ಆಗಬೇಕಿತ್ತು. 2025ರಲ್ಲಿ ಒಬ್ಬ ಕೆಲಸಗಾರ ಸರಾಸರಿ 38 ದಿನ ಮಾತ್ರ ಕೆಲಸ ಮಾಡಿದ್ದಾನೆ, 250 ದಿನಕ್ಕಿಂತ ಹೆಚ್ಚು ದುಡಿದವರು 2.3% ಮಾತ್ರ ಎಂದು ಗೋಯಲ್ ಹೇಳಿದರು. ಹೀಗಾಗಿ ಇದು ಬಿಡುವಿನ ವೇಳೆಯ ದುಡಿಮೆ, ಇದಕ್ಕೆ ಪೂರ್ಣಾವಧಿ ನೌಕರಿಯ ಭವಿಷ್ಯನಿಧಿ, ಖಚಿತ ಸಂಬಳ ಕೇಳುವುದು ಸರಿಯಲ್ಲ ಎಂಬುದು ಅವರ ತೀರ್ಮಾನ.

ತಲೆ ಎಣಿಸಿದರೆ ಹಾಗೆ ಕಾಣುತ್ತದೆ. ದುಡಿಮೆಯ ದಿನಗಳನ್ನು ಎಣಿಸಿದರೆ ಚಿತ್ರ ಬದಲಾಗುತ್ತದೆ. 1,000 ಮಂದಿ ಸರಾಸರಿ 38 ದಿನ ದುಡಿದರೆ ಒಟ್ಟು 38,000 ದಿನಗಳ ಕೆಲಸ. ಅವರಲ್ಲಿ 23 ಮಂದಿ ತಲಾ 250 ದಿನ ದುಡಿದಿದ್ದರೆ, ಅವರದೇ 5,750 ದಿನ. ಅಂದರೆ ನೂರಕ್ಕೆ ಎರಡು ಮೂರು ಮಂದಿ ಕನಿಷ್ಠ 15% ಕೆಲಸವನ್ನು ಹೊತ್ತಿದ್ದಾರೆ. 150 ದಿನ, 200 ದಿನ ದುಡಿದವರನ್ನೂ ಸೇರಿಸಿದರೆ ಆ ಪಾಲು ಇನ್ನೂ ಏರುತ್ತದೆ. ಎರಡು ವಾರ ಪ್ರಯತ್ನಿಸಿ ಬಿಟ್ಟುಹೋದ ವಿದ್ಯಾರ್ಥಿಯೂ, ವರ್ಷವಿಡೀ ಇದನ್ನೇ ನೆಚ್ಚಿಕೊಂಡು ರಾಯಚೂರಿನಲ್ಲೋ ಕಲಬುರಗಿಯಲ್ಲೋ ಇರುವ ಮನೆಗೆ ಹಣ ಕಳಿಸುವವನೂ ಸರಾಸರಿಯಲ್ಲಿ ತಲಾ ಒಬ್ಬರೇ. ಕಾನೂನು ಯಾರನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು ಎಂಬುದಕ್ಕೆ ಈ ವ್ಯತ್ಯಾಸ ಮುಖ್ಯ. ಇನ್ನು, ಇಷ್ಟೊಂದು ಮಂದಿ ಇಷ್ಟು ಬೇಗ ಬಿಟ್ಟುಹೋಗುವ ಕೆಲಸವನ್ನು ‘ಸ್ವಾತಂತ್ರ್ಯವಿರುವ ಕೆಲಸ’ ಎಂದು ಕರೆಯುವ ಮೊದಲು, ಅವರು ಏಕೆ ಹೋದರು ಎಂದು ಕೇಳುವುದು ನ್ಯಾಯ.

ಮುಷ್ಕರ ಮತ್ತು ಐಡಿ ಬ್ಲಾಕ್

ಡಿಸೆಂಬರ್ 31ರ ಮುಷ್ಕರದಿಂದ ವ್ಯವಹಾರಕ್ಕೆ ಏನೂ ಆಗಲಿಲ್ಲ, ಆ ದಿನ ಜೊಮ್ಯಾಟೊ ಮತ್ತು ಬ್ಲಿಂಕಿಟ್ ಸೇರಿ 75 ಲಕ್ಷಕ್ಕೂ ಹೆಚ್ಚು ಆರ್ಡರ್ ತಲುಪಿಸಿದವು ಎಂದು ಕಂಪನಿ ಹೇಳಿತು. ವ್ಯವಸ್ಥೆ ಅನ್ಯಾಯದ್ದಾಗಿದ್ದರೆ ಜನ ಹೀಗೆ ಕೆಲಸಕ್ಕೆ ಬರುತ್ತಿರಲಿಲ್ಲ ಎಂಬುದು ಅದರ ವಾದ. ಅದೇ ಸಂಜೆಯ ಗಿರಾಕಿಯ ಹೊತ್ತಿಗೆ ಪ್ರತಿ ಆರ್ಡರ್‌ಗೆ 120ರಿಂದ 150 ರೂಪಾಯಿವರೆಗೆ ಕೊಡುವುದಾಗಿ ಜೊಮ್ಯಾಟೊ ಹೇಳಿದ್ದು ವರದಿಯಾಗಿತ್ತು. ಹೊಸ ವರ್ಷದ ಹಿಂದಿನ ದಿನ ಹೀಗೆ ದರ ಏರಿಸುವುದು ಪ್ರತಿ ವರ್ಷದ ಪದ್ಧತಿ ಎಂಬುದು ಕಂಪನಿಯ ವಿವರಣೆ. ಪದ್ಧತಿಯೇ ಇರಲಿ, ಪರಿಣಾಮ ಒಂದೇ. ಕಾರ್ಖಾನೆಯ ಗೇಟಿನ ಮುಂದೆ ಎಲ್ಲರೂ ಒಟ್ಟಿಗೆ ನಿಂತು ಬೇಡಿಕೆ ಇಡುತ್ತಾರೆ. ಇಲ್ಲಿ ಪ್ರತಿಯೊಬ್ಬನ ಜೇಬಿನಲ್ಲಿ ಒಂದೊಂದು ಗೇಟು ಇದೆ, ಅದು ತೆರೆದಾಗ ಸಿಗುವ ಕೂಲಿ ಆ ಗಂಟೆಗೆ ತಕ್ಕಂತೆ ಏರುತ್ತದೆ, ಇಳಿಯುತ್ತದೆ. ಬಾಡಿಗೆ ಕಟ್ಟಬೇಕಾದವನು ಆ ಸಂಜೆ ಲಾಗಿನ್ ಆದರೆ ಅದನ್ನು ಒಪ್ಪಿಗೆಯ ಮತ ಎಂದು ಎಣಿಸಲಾಗದು.

ದರ ಏರಿಸುವ ಕೈಯೇ ಇಳಿಸಲೂಬಲ್ಲದು. ಏಪ್ರಿಲ್ 2023ರಲ್ಲಿ ದೆಹಲಿ ಸುತ್ತಮುತ್ತ ಬ್ಲಿಂಕಿಟ್ ಕೆಲಸಗಾರರು ಬೀದಿಗಿಳಿದದ್ದು ರೇಟ್ ಕಾರ್ಡ್ ಬದಲಾದದ್ದಕ್ಕೆ. ಆರ್ಡರ್‌ಗೆ 25 ರೂಪಾಯಿ ಇದ್ದದ್ದು ಕನಿಷ್ಠ 15 ರೂಪಾಯಿ ಮತ್ತು ದೂರದ ಲೆಕ್ಕಕ್ಕೆ ಇಳಿದಿತ್ತು.

ದರಕ್ಕಿಂತ ಹೆಚ್ಚು ಭಯ ಹುಟ್ಟಿಸುವುದು ಐಡಿ ಬ್ಲಾಕ್. ಬೆಳಿಗ್ಗೆ ಲಾಗಿನ್ ಆಗಲು ಹೋದರೆ ಆ್ಯಪ್ ತೆರೆಯುವುದಿಲ್ಲ. ‘ನಿಯಮ ಉಲ್ಲಂಘನೆ’ ಎಂಬ ಅರ್ಥದ ಒಂದು ಸಾಲು ಬರುತ್ತದೆ. ಗ್ರಾಹಕರೊಬ್ಬರು ಆರ್ಡರ್ ತಲುಪಿಲ್ಲ ಎಂದು ದೂರು ಕೊಟ್ಟಿರಬಹುದು, ಗುರುತಿನ ಸೆಲ್ಫಿ ಹೊಂದಾಣಿಕೆಯಾಗದೆ ಇರಬಹುದು, ಜಿಪಿಎಸ್ ತಪ್ಪು ಜಾಗ ತೋರಿಸಿರಬಹುದು. ಕೇಳಲು ಹೋದರೆ ಉತ್ತರಿಸುವುದು ಚಾಟ್‌ಬಾಟ್. ಟಿಕೆಟ್ ಸಂಖ್ಯೆ ಕೊಟ್ಟು ಸುಮ್ಮನಾಗುತ್ತದೆ. ವಂಚಕರೂ ಇದ್ದಾರೆ, ಗ್ರಾಹಕರ ಸುರಕ್ಷತೆಗಾಗಿ ತಕ್ಷಣ ಬ್ಲಾಕ್ ಮಾಡಲೇಬೇಕಾಗುತ್ತದೆ ಎಂದು ಕಂಪನಿಗಳು ಹೇಳುತ್ತವೆ. ಇದು ನಿಜವೇ. ವಂಚಕನಲ್ಲದವನಿಗೆ ತಾನು ವಂಚಕನಲ್ಲ ಎಂದು ಹೇಳಲು ಒಬ್ಬ ಮನುಷ್ಯ ಸಿಗಬೇಕು ಎಂಬುದೂ ಅಷ್ಟೇ ನಿಜ.

ಬೆಂಗಳೂರಿನ ಐಐಐಟಿ ನೇತೃತ್ವದ ಫೇರ್‌ವರ್ಕ್ ಇಂಡಿಯಾ ಸಂಶೋಧನಾ ತಂಡ 2024ರಲ್ಲಿ, ಕೆಲಸಗಾರರನ್ನು ಎಷ್ಟು ನ್ಯಾಯವಾಗಿ ನಡೆಸಿಕೊಳ್ಳುತ್ತವೆ ಎಂದು 11 ಆ್ಯಪ್ ಕಂಪನಿಗಳನ್ನು ಅಳೆದಾಗ 10ಕ್ಕೆ 6 ಅಂಕ ದಾಟಿದ್ದು ಒಂದೂ ಇರಲಿಲ್ಲ. ಕೆಲಸಗಾರರ ಸಂಘಟನೆಯನ್ನು ಮಾತುಕತೆಗೆ ಮಾನ್ಯ ಮಾಡಲು ಒಂದು ಕಂಪನಿಯೂ ಮುಂದೆ ಬಂದಿರಲಿಲ್ಲ.

ಎರಡು ಕಾನೂನು, ಎರಡು ದಾರಿ

ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳಲ್ಲಿ ಒಂದಾದ ಸಾಮಾಜಿಕ ಭದ್ರತಾ ಸಂಹಿತೆ ಗಿಗ್ ಕೆಲಸಗಾರರಿಗೆ ಮೊದಲ ಬಾರಿಗೆ ಕಾನೂನಿನಲ್ಲಿ ಹೆಸರು ಕೊಟ್ಟಿತು. ಆದರೆ ‘ಸಾಂಪ್ರದಾಯಿಕ ಮಾಲೀಕ–ನೌಕರ ಸಂಬಂಧದ ಹೊರಗೆ ದುಡಿಯುವವರು’ ಎಂದೇ ಅವರನ್ನು ವ್ಯಾಖ್ಯಾನಿಸಿತು. ಹೀಗಾಗಿ ಅವರು ನೌಕರರಾಗಲಿಲ್ಲ. ಕನಿಷ್ಠ ವೇತನ, ಕೆಲಸದ ಅವಧಿಯ ಮಿತಿ ಇವು ಅನ್ವಯಿಸುವುದಿಲ್ಲ. ಸಿಗುವುದು ಕಲ್ಯಾಣ ನಿಧಿ. ಕಂಪನಿಗಳು ವಾರ್ಷಿಕ ವಹಿವಾಟಿನ 1ರಿಂದ 2% ಹಣವನ್ನು, ಕೆಲಸಗಾರರಿಗೆ ಕೊಡುವ ಮೊತ್ತದ 5% ಮೀರದಂತೆ, ಅದಕ್ಕೆ ಕಟ್ಟಬೇಕು. ಡಿಸೆಂಬರ್ 2025ರ ಕೊನೆಯಲ್ಲಿ ಹೊರಬಂದ ಕರಡು ನಿಯಮಗಳು, ಸೌಲಭ್ಯ ಪಡೆಯಲು ವರ್ಷದಲ್ಲಿ ಒಂದು ಕಂಪನಿಗೆ 90 ದಿನ ಅಥವಾ ಹಲವು ಕಂಪನಿಗಳಿಗೆ ಸೇರಿ 120 ದಿನ ದುಡಿದಿರಬೇಕು ಎನ್ನುತ್ತವೆ. ಕಂಪನಿ ಹೇಳಿದ 38 ದಿನಗಳ ಸರಾಸರಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಎಷ್ಟು ಮಂದಿ ಹೊರಗುಳಿಯುತ್ತಾರೆ ಎಂದು ಊಹಿಸಬಹುದು.

ಕರ್ನಾಟಕ ಇನ್ನೊಂದು ಹೆಜ್ಜೆ ಮುಂದಿಟ್ಟಿದೆ. ಜೂನ್ 2024ರ ಕರಡು, ಮೇ 2025ರ ಸುಗ್ರೀವಾಜ್ಞೆ, ಆಗಸ್ಟ್‌ನಲ್ಲಿ ವಿಧಾನಮಂಡಲದ ಒಪ್ಪಿಗೆ, ಹೀಗೆ ಬಂದ ಕಾಯ್ದೆಯಲ್ಲಿ ಕಲ್ಯಾಣ ಶುಲ್ಕವನ್ನು ಕೆಲಸಗಾರನಿಗೆ ಸಿಗುವ ಪ್ರತಿ ಪಾವತಿಯ ಮೇಲೆ 1ರಿಂದ 5% ಎಂದು ಇಡಲಾಗಿದೆ. ಒಂದು ಡೆಲಿವರಿಗೆ 40 ರೂಪಾಯಿ ಕೊಟ್ಟರೆ ಕಂಪನಿ ಗಿಗ್ ಕೆಲಸಗಾರರ ಕಲ್ಯಾಣ ಮಂಡಳಿಗೆ ಕಟ್ಟುವುದು 40 ಪೈಸೆಯಿಂದ 2 ರೂಪಾಯಿ. ಸುದ್ದಿಯಲ್ಲಿ ಹೆಚ್ಚು ಜಾಗ ಪಡೆದದ್ದು ಈ ಶುಲ್ಕ. ಅದಕ್ಕಿಂತ ತೂಕದ ಮಾತುಗಳು ಅದೇ ಕಾಯ್ದೆಯಲ್ಲಿವೆ. ಕೆಲಸಗಾರನನ್ನು ತೆಗೆಯುವ ಮುನ್ನ ಲಿಖಿತ ಕಾರಣದೊಂದಿಗೆ 14 ದಿನಗಳ ನೋಟಿಸ್ ಕೊಡಬೇಕು. ಕರಾರಿನ ಷರತ್ತು ಬದಲಿಸುವ ಮೊದಲೂ 14 ದಿನ ತಿಳಿಸಬೇಕು. ಕರಾರು ಸರಳವಾದ ಭಾಷೆಯಲ್ಲಿ, ಕೆಲಸಗಾರನಿಗೆ ಬರುವ ಭಾಷೆಯಲ್ಲಿ ಇರಬೇಕು. ಆದಾಯ, ರೇಟಿಂಗ್ ಇತ್ಯಾದಿಗಳ ಮೇಲೆ ಪರಿಣಾಮ ಬೀರುವ ಸ್ವಯಂಚಾಲಿತ ತೀರ್ಮಾನಗಳ ಬಗ್ಗೆ ಅವನಿಗೆ ಮಾಹಿತಿ ಸಿಗಬೇಕು, ಮತ್ತು ಮಾತನಾಡಲು ಒಬ್ಬ ಮನುಷ್ಯ ಇರಬೇಕು.

ಸಾಫ್ಟ್‌ವೇರ್ ಕಂಪನಿಗಳ ಒಕ್ಕೂಟ ನಾಸ್ಕಾಂ ಸೇರಿದಂತೆ ಉದ್ಯಮದ ಸಂಘಟನೆಗಳು ಕರಡಿನ ಹಂತದಲ್ಲಿ ತೀವ್ರವಾಗಿ ಆಕ್ಷೇಪಿಸಿದ್ದು ಇಂಥ ಅಂಶಗಳನ್ನೇ. ಅಲ್ಗಾರಿದಮ್ ವ್ಯಾಪಾರದ ಗುಟ್ಟು, ಅದನ್ನು ಬಿಚ್ಚಿಟ್ಟರೆ ಪ್ರತಿಸ್ಪರ್ಧಿಗಳಿಗೂ ವಂಚಕರಿಗೂ ಅನುಕೂಲ ಎಂಬುದು ಅವರ ಕಳವಳ. ಇದನ್ನು ತಳ್ಳಿಹಾಕುವಂತಿಲ್ಲ. ಆದರೆ ಕೆಲಸಗಾರ ಕೇಳುತ್ತಿರುವುದು ಸಾಫ್ಟ್‌ವೇರಿನ ಸಾಲುಗಳನ್ನಲ್ಲ. ನನ್ನ ಕೂಲಿ ಹೇಗೆ ಲೆಕ್ಕವಾಯಿತು, ನನಗೆ ಕೆಲಸ ಏಕೆ ನಿಂತಿತು ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಕೊಡಲು ಯಾವ ಗುಟ್ಟೂ ಬಯಲಾಗಬೇಕಿಲ್ಲ. ಸಂಬಳದ ಚೀಟಿ ಕೊಡುವ ಸಾಮಾನ್ಯ ಕಾರ್ಖಾನೆಯೂ ಈ ಮಟ್ಟದ ವಿವರ ಕೊಡುತ್ತದೆ.

ಕರಾವಳಿಯ ಬೀಡಿಯಿಂದ ಒಂದು ಪಾಠ

ಕಂಪನಿಯ ಆವರಣದ ಹೊರಗೆ, ತುಂಡು ಲೆಕ್ಕದ ಕೂಲಿಗೆ, ‘ನೌಕರರಲ್ಲ’ ಎನಿಸಿಕೊಂಡು ದುಡಿಯುವ ಸ್ಥಿತಿ ಕರ್ನಾಟಕಕ್ಕೆ ಹೊಸದಲ್ಲ. ದಕ್ಷಿಣ ಕನ್ನಡದ ಸಾವಿರಾರು ಹೆಣ್ಣುಮಕ್ಕಳು ದಶಕಗಳ ಕಾಲ ಹೀಗೆಯೇ ಮನೆಯ ಜಗಲಿಯಲ್ಲಿ ಕುಳಿತು ಬೀಡಿ ಕಟ್ಟಿದರು. ಎಲೆ ಮತ್ತು ಹೊಗೆಸೊಪ್ಪು ಗುತ್ತಿಗೆದಾರನಿಂದ ಬರುತ್ತಿತ್ತು. ಕೂಲಿ ಸಾವಿರ ಬೀಡಿಗೆ ಇಷ್ಟು. ಕಟ್ಟಿದ ಬೀಡಿ ಹಿಂದಿರುಗಿಸುವಾಗ ಗುತ್ತಿಗೆದಾರ ಒಂದಿಷ್ಟನ್ನು ‘ಸರಿಯಿಲ್ಲ’ ಎಂದು ಬದಿಗೆ ಹಾಕುತ್ತಿದ್ದ, ಅದಕ್ಕೆ ಕೂಲಿ ಇಲ್ಲ. ಯಾವುದು ಸರಿ, ಯಾವುದು ಅಲ್ಲ ಎಂಬುದು ಅವನ ಮಾತು.

1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಈ ಮನೆಕೆಲಸಗಾರರನ್ನೂ ಕಾನೂನಿನ ವ್ಯಾಪ್ತಿಗೆ ತಂದಿತು. ಕಚ್ಚಾವಸ್ತು ಕೊಡುವುದು, ಬೀಡಿ ತಿರಸ್ಕರಿಸುವುದು, ತಿರಸ್ಕರಿಸಿದ್ದಕ್ಕೆ ಕೂಲಿ ಕೊಡುವುದು, ಇವುಗಳ ಕುರಿತ ವಿವಾದಗಳನ್ನು ರಾಜ್ಯ ಸರ್ಕಾರ ಗೊತ್ತುಪಡಿಸಿದ ಅಧಿಕಾರಿ ತೀರ್ಮಾನಿಸಬೇಕು ಎಂದಿತು. ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ಸೇರಿದಂತೆ ಮಾಲೀಕರು ಕಾಯ್ದೆಯನ್ನು ಪ್ರಶ್ನಿಸಿದರು. 1974ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಆ ಕಾಯ್ದೆ ಈಗ ಹೊಸ ಸಂಹಿತೆಯಲ್ಲಿ ವಿಲೀನವಾಗಿದೆ, ಆದರೆ ಅದರ ವಿವೇಕ ಹಳತಾಗಿಲ್ಲ. ತುಂಡು ಲೆಕ್ಕದ ದುಡಿಮೆಯಲ್ಲಿ ಶೋಷಣೆ ನಡೆಯುವ ಜಾಗ ತಿರಸ್ಕಾರದ ಕ್ಷಣ ಎಂದು ಅದು ಗುರುತಿಸಿತ್ತು, ಆ ಕ್ಷಣವನ್ನು ಪರಿಶೀಲಿಸಲು ಹೊರಗಿನ ಒಬ್ಬ ಅಧಿಕಾರಿಯನ್ನು ಇಟ್ಟಿತ್ತು. ಐಡಿ ಬ್ಲಾಕ್ ಇವತ್ತಿನ ತಿರಸ್ಕಾರ.

ಬೀಡಿಯ ಕಥೆಯಲ್ಲಿ ಎಚ್ಚರಿಕೆಯೂ ಇದೆ. 1976ರಲ್ಲಿ ಬೀಡಿ ಮೇಲೆ ಸೆಸ್ ಹಾಕಿ ಕಾರ್ಮಿಕರ ಕಲ್ಯಾಣ ನಿಧಿ ಕಟ್ಟಲಾಯಿತು. ಆಸ್ಪತ್ರೆ, ಮಕ್ಕಳ ವಿದ್ಯಾರ್ಥಿವೇತನ ಅದರಿಂದ ನಡೆದವು. 2017ರಲ್ಲಿ ಜಿಎಸ್‌ಟಿ ಬಂದಾಗ ಆ ಸೆಸ್ ರದ್ದಾಯಿತು, ನಿಧಿಯ ಸ್ವಂತ ಆದಾಯ ಹೋಯಿತು. ನಿಧಿ ಎಷ್ಟೇ ಒಳ್ಳೆಯದಾದರೂ ಅದು ತೆರಿಗೆ ನೀತಿಯ ಒಂದು ತಿರುವಿನಲ್ಲಿ ಬತ್ತಬಹುದು. ಕೂಲಿಯ ಬಗ್ಗೆ ಪ್ರಶ್ನೆ ಕೇಳುವ ಹಕ್ಕು ಹಾಗೆ ಬತ್ತುವುದಿಲ್ಲ.

ಬೇರೆಡೆ ಏನಾಗಿದೆ

ಡಿಸೆಂಬರ್ 2020ರ ಕೊನೆಯ ದಿನ ಇಟಲಿಯ ಬೊಲೋನ್ಯ ನ್ಯಾಯಾಲಯ ಆಹಾರ ತಲುಪಿಸುವ ಡೆಲಿವರೂ ಕಂಪನಿಯ ರೇಟಿಂಗ್ ವ್ಯವಸ್ಥೆ ತಾರತಮ್ಯದ್ದು ಎಂದಿತು. ಕಾಯಿಲೆಗೋ ಮುಷ್ಕರಕ್ಕೋ ರಜೆ ಹಾಕಿದವನನ್ನೂ ಸುಮ್ಮನೆ ಬಾರದವನನ್ನೂ ಅಲ್ಗಾರಿದಮ್ ಒಂದೇ ರೀತಿ ಕಂಡಿತ್ತು. ‘ಯಂತ್ರಕ್ಕೆ ಭೇದಭಾವವಿಲ್ಲ’ ಎಂಬ ಸಮರ್ಥನೆ ಅಲ್ಲಿ ಬಿದ್ದುಹೋಯಿತು: ಕಾರಣ ನೋಡದೇ ಇರುವುದೇ ಅನ್ಯಾಯವಾಗಬಹುದು ಎಂದು ನ್ಯಾಯಾಲಯ ಕಂಡಿತು.

ಏಪ್ರಿಲ್ 2023ರ ಆಮ್‌ಸ್ಟರ್‌ಡ್ಯಾಮ್ ಮೇಲ್ಮನವಿ ನ್ಯಾಯಾಲಯದ ತೀರ್ಪುಗಳಿಗೆ ಬೆಂಗಳೂರಿನ ನಂಟಿದೆ. ಅಲ್ಲಿ ಬ್ರಿಟನ್ನಿನ ಚಾಲಕರು ಎದುರಿಸಿದ ಕಂಪನಿಗಳಲ್ಲಿ ಉಬರ್ ಜತೆಗೆ ನಮ್ಮ ಓಲಾ ಕೂಡ ಇತ್ತು. ಚಾಲಕರಿಗೆ ಕೆಲಸ ಹಂಚುವ ರೀತಿ, ವಂಚನೆಯ ಸಾಧ್ಯತೆ ಎಂದು ಅವರ ಮೇಲೆ ಹಾಕುವ ಅಂಕ, ಗಳಿಕೆಯ ವರ್ಗೀಕರಣ ಇವುಗಳ ಮಾಹಿತಿಯನ್ನು ಚಾಲಕರಿಗೆ ಕೊಡಬೇಕು ಎಂದು ನ್ಯಾಯಾಲಯ ಹೇಳಿತು. ಆಧಾರ ಕಾರ್ಮಿಕ ಕಾನೂನಲ್ಲ, ಯುರೋಪಿನ ದತ್ತಾಂಶ ರಕ್ಷಣಾ ಕಾನೂನು. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆಯಲ್ಲಿ ಸ್ವಯಂಚಾಲಿತ ತೀರ್ಮಾನಗಳ ವಿರುದ್ಧ ಅಂಥ ಹಕ್ಕು ಇಲ್ಲ. ಲಂಡನ್ನಿನ ಓಲಾ ಚಾಲಕನಿಗೆ ಸಿಕ್ಕ ಉತ್ತರ ಬೆಂಗಳೂರಿನ ಓಲಾ ಚಾಲಕನಿಗೆ ಸಿಗದಿರುವುದಕ್ಕೆ ಕಾರಣ ಇದೇ.

ಐರೋಪ್ಯ ಒಕ್ಕೂಟ 2024ರಲ್ಲಿ ಪ್ಲಾಟ್‌ಫಾರ್ಮ್ ದುಡಿಮೆಯ ಬಗ್ಗೆಯೇ ಪ್ರತ್ಯೇಕ ನಿರ್ದೇಶನ ಹೊರಡಿಸಿದೆ. ಸದಸ್ಯ ದೇಶಗಳು ಡಿಸೆಂಬರ್ 2, 2026ರೊಳಗೆ ಅದನ್ನು ತಮ್ಮ ಕಾನೂನಾಗಿಸಬೇಕು. ಕೆಲಸಗಾರನ ಖಾತೆ ಮುಚ್ಚುವಂಥ ತೀರ್ಮಾನವನ್ನು ಮನುಷ್ಯರೇ ತೆಗೆದುಕೊಳ್ಳಬೇಕು ಎಂಬುದು ಅದರ ತಿರುಳುಗಳಲ್ಲಿ ಒಂದು.

ಕರ್ನಾಟಕದ ಕಾಯ್ದೆ ಎಲ್ಲಿ ಸೋರಬಹುದು

ಕಾನೂನು ಬಂದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ ಎಂಬುದಕ್ಕೆ ರಾಜಸ್ಥಾನ ಉದಾಹರಣೆ. ದೇಶದ ಮೊದಲ ಗಿಗ್ ಕೆಲಸಗಾರರ ಕಾಯ್ದೆಯನ್ನು ಅದು ಜುಲೈ 2023ರಲ್ಲೇ ತಂದಿತು. ಆ ವರ್ಷದ ಕೊನೆಗೆ ಸರ್ಕಾರ ಬದಲಾಯಿತು, ನಿಯಮ ರೂಪಿಸುವ ಕೆಲಸ ನೆನೆಗುದಿಗೆ ಬಿತ್ತು.

ಕರ್ನಾಟಕದ ಕಾಯ್ದೆಯ ವಿಷಯದಲ್ಲಿ ಮೂರು ಜಾಗಗಳಲ್ಲಿ ಕಣ್ಣಿಡಬೇಕು. ಮೊದಲನೆಯದು 14 ದಿನಗಳ ನೋಟಿಸ್. ಖಾತೆಯನ್ನು ‘ತೆಗೆದಿಲ್ಲ, ತಾತ್ಕಾಲಿಕವಾಗಿ ತಡೆಹಿಡಿದಿದ್ದೇವೆ’ ಎಂದು ಕಂಪನಿ ಹೇಳಿದರೆ ನೋಟಿಸ್ ಬೇಕೇ? ಹತ್ತು ದಿನದ ತಡೆ ದಿನಗೂಲಿಯವನ ಪಾಲಿಗೆ ಕೆಲಸ ಹೋದ ಹಾಗೆಯೇ. ಹಲ್ಲೆಯಂಥ ಗಂಭೀರ ಆರೋಪವಿದ್ದಾಗ ತಕ್ಷಣ ತಡೆಯುವ ಅಧಿಕಾರ ಕಂಪನಿಗೆ ಇರಲೇಬೇಕು. ಉಳಿದ ತಡೆಗಳಿಗೂ ಲಿಖಿತ ಕಾರಣ ಮತ್ತು ಗಡುವು ಇರಬೇಕು.

ಎರಡನೆಯದು ಪಾವತಿಯ ದಾಖಲೆ. ಕಲ್ಯಾಣ ಶುಲ್ಕ ಲೆಕ್ಕ ಹಾಕಲು ಪ್ರತಿ ಪಾವತಿಯೂ ಸರ್ಕಾರ ನೋಡಬಲ್ಲ ವ್ಯವಸ್ಥೆಯೊಂದರಲ್ಲಿ ದಾಖಲಾಗಬೇಕು ಎಂದು ಕಾಯ್ದೆ ಹೇಳುತ್ತದೆ. ಇದನ್ನು ಬರೀ ಶುಲ್ಕ ವಸೂಲಿಯ ಸಾಧನವಾಗಿ ಕಾಣುವುದು ದೊಡ್ಡ ನಷ್ಟ. ರಾಜ್ಯದಲ್ಲಿ ಒಂದು ಡೆಲಿವರಿಗೆ ನಿಜವಾಗಿ ಎಷ್ಟು ಕೂಲಿ ಸಿಗುತ್ತಿದೆ, ಯಾವ ತಿಂಗಳು ಇಳಿಯಿತು ಎಂಬುದನ್ನು ಕಂಪನಿಯ ಮಾತನ್ನು ನೆಚ್ಚದೆ ತಿಳಿಯಲು ಮೊದಲ ಬಾರಿಗೆ ಒಂದು ಕಿಟಕಿ ಸಿಕ್ಕಿದೆ. ಹೆಸರುಗಳನ್ನು ತೆಗೆದು ಈ ಅಂಕಿಗಳನ್ನು ಮಂಡಳಿ ಮೂರು ತಿಂಗಳಿಗೊಮ್ಮೆ ಪ್ರಕಟಿಸಿದರೆ, 102 ರೂಪಾಯಿಯ ಸರಾಸರಿಯ ಬಗ್ಗೆ ಜಗಳವಾಡುವ ಅಗತ್ಯವೇ ಬೀಳುವುದಿಲ್ಲ.

ಮೂರನೆಯದು ಅತಿ ಸೂಕ್ಷ್ಮವಾದದ್ದು. ಕರಾರಿನ ಷರತ್ತು ಬದಲಾದರೆ 14 ದಿನ ಮೊದಲೇ ತಿಳಿಸಬೇಕು, ಸರಿ. ಇನ್ಸೆಂಟಿವ್ ಷರತ್ತೇ, ಇಲ್ಲವೇ ದಿನಕ್ಕೊಮ್ಮೆ ಕೊಡುವ ‘ಆಫರ್’ ಮಾತ್ರವೇ? ಆಫರ್ ಎಂದಾದರೆ ಮೂಲ ದರವನ್ನು ಹಾಗೇ ಇಟ್ಟು, ಇನ್ಸೆಂಟಿವ್‌ನ ಗುರಿಯನ್ನು 20ರಿಂದ 24 ಆರ್ಡರ್‌ಗೆ ಏರಿಸಿ, ಒಂದು ರಾತ್ರಿಯಲ್ಲಿ ಆದಾಯ ಇಳಿಸಬಹುದು. ಕಾಯ್ದೆಯ ಒಂದು ಅಕ್ಷರವೂ ಮುರಿಯುವುದಿಲ್ಲ. ಕಲ್ಯಾಣ ಶುಲ್ಕದ ಹೊರೆಯನ್ನು ಕೆಲಸಗಾರನ ಮೇಲೆಯೇ ಜಾರಿಸಲೂ ಇದೇ ದಾರಿ ಸಾಕು. ಅದಕ್ಕಾಗಿ ನಿಯಮಗಳಲ್ಲಿ ‘ಷರತ್ತು’ ಎಂಬುದರ ಅರ್ಥದೊಳಗೆ ಮೂಲ ದರ, ದೂರದ ದರ, ಕಾಯುವ ಸಮಯದ ದರ ಮತ್ತು ಇನ್ಸೆಂಟಿವ್‌ನ ಗುರಿ ನಾಲ್ಕನ್ನೂ ಹೆಸರಿಸಿ ಸೇರಿಸಬೇಕು. ಸರ್ಜ್ ದರ ಮಾತ್ರ ಗಂಟೆಗೆ ತಕ್ಕಂತೆ ಬದಲಾಗಲಿ. ಅದರಿಂದ ಕೆಲಸಗಾರನಿಗೆ ನಷ್ಟವಿಲ್ಲ.